ಸೊಳ್ಳೆ ಹಾಡಿನ ರೀಲು

ನಮ್ಮ ಅವ್ವ ಮಕ್ಕಳನ್ನು ಮಲಗಿಸುತ್ತಿದ್ದದ್ದು ಮಗ್ಗಿ ಹೇಳಿ. ನನ್ನ ತಮ್ಮನ ತೊಟ್ಟಿಲು ನನಗೆ ಚೆನ್ನಾಗಿ ನೆನಪಿದೆ. ಅವ್ವ ಹಗ್ಗ ಹಿಡಿದು "ಎರಡೊಂದ್ಲಿ ಎರಡು, ಎರಡೆರಡ್ಲಿ ನಾಕು" ಎಂದು ಶುರು ಮಾಡುತ್ತಿದ್ದಳು. ಏಳರ ಮಗ್ಗಿಗೆ ಬರುವಷ್ಟರಲ್ಲಿ ಅವನು ನಿದ್ದೆ ಹೋಗಿರುತ್ತಿದ್ದ, ಪಕ್ಕದಲ್ಲಿ ಕೂತ ನಾನೂ ತೂಕಡಿಸುತ್ತಿದ್ದೆ. ಅದಕ್ಕೋ ಏನೋ, ನಮ್ಮಿಬ್ಬರಿಗೂ ಎಂಟರ ಮಗ್ಗಿ ಇವತ್ತಿಗೂ ನೆಟ್ಟಗೆ ಬರುವುದಿಲ್ಲ.

ಬೇರೆ ಮನೆಗಳಲ್ಲಿ ಜೋಗುಳ ಹಾಡುತ್ತಿದ್ದರು. ಹಾಡು ಬಾರದವರೂ ಜೋ ಜೋ ಎಂದು ಏನೋ ಒಂದು ಎಳೆಯುತ್ತಿದ್ದರು. ನಮ್ಮ ಅವ್ವನೋ, ಜಗಳೂರಿನ ನಮ್ಮ ಓಣಿಗೆಲ್ಲ "ಸಿನಿಮಾದಾಗೆ ಹಾಡಿದಾಕೆ" ಎಂದೇ ಗೊತ್ತಿದ್ದವಳು. ಮದುವೆಮನೆಗೆ ಹೋದರೆ ಹೆಂಗಸರು ಜಾಗ ಬಿಟ್ಟುಕೊಟ್ಟು ಸೋಬಾನೆ ಹೇಳು ಎಂದು ಕೂರಿಸುತ್ತಿದ್ದರು. ಅವ್ವ ಗಂಟಲ ಮೇಲೆ ಬೆರಳಿಟ್ಟುಕೊಂಡು, "ಮೊದಲನೇ ಬಾಣಂತನದಾಗೆ ದನಿ ಹೋತು ಕಣ್ರವ್ವ" ಎನ್ನುತ್ತಿದ್ದಳು. ಮೊದಲನೇ ಬಾಣಂತನ ಎಂದರೆ ನಾನು. ಹುಟ್ಟುತ್ತಲೇ ಹೆತ್ತವಳ ದನಿ ನುಂಗಿದವಳು ಎಂದು ಎಲ್ಲರೂ ಒಂದು ಸಲ ನನ್ನ ಕಡೆ ನೋಡುತ್ತಿದ್ದರು. ಆರೇಳು ವರ್ಷದ ನನಗೆ ಎಲ್ಲಿ ಮುಖ ಮುಚ್ಚಿಕೊಳ್ಳಬೇಕೋ ತಿಳಿಯುತ್ತಿರಲಿಲ್ಲ.

ಇನ್ನೊಂದು ಒಗಟು ಚಿಕ್ಕವ್ವನದು. ಅವ್ವನ ತಂಗಿ, ಹೊನ್ನಾಳಿಗೆ ಕೊಟ್ಟವಳು. ರಜೆಗೆ ಅವಳ ಮನೆಗೆ ಹೋದರೆ ಹಾಡೋ ಹಾಡು. ರೊಟ್ಟಿ ತಟ್ಟುವಾಗ, ಪಾತ್ರೆ ತಿಕ್ಕುವಾಗ, ಕೊನೆಗೆ ನಮ್ಮನ್ನು ಬೈಯುವಾಗಲೂ ಒಂದು ರಾಗ ಇರುತ್ತಿತ್ತು. ಅದೇ ಚಿಕ್ಕವ್ವ ಜಗಳೂರಿನ ನಮ್ಮ ಹೊಸಿಲು ದಾಟಿದ ತಕ್ಷಣ ಬಾಯಿಗೆ ಬೀಗ. ಕೇಳಿದ್ದಕ್ಕೆ ಹ್ಞೂಂ, ಉಹ್ಞೂಂ. ಅಪ್ಪ ಒಳಗೆ ಬಂದರಂತೂ ಸೆರಗು ಹೊದ್ದು ಅಡುಗೆಮನೆ ಸೇರುತ್ತಿದ್ದಳು. ಚಿಕ್ಕಂದಿನಲ್ಲಿ ನಾನು, ಹೊನ್ನಾಳಿಯಲ್ಲೊಬ್ಬಳು ಜಗಳೂರಿಗೊಬ್ಬಳು ಎಂದು ಇಬ್ಬರು ಚಿಕ್ಕವ್ವಂದಿರು ಇದ್ದಾರೇನೋ ಅಂದುಕೊಂಡಿದ್ದೆ. ನಗಬೇಡಿ, ಮನೆಯಲ್ಲಿ ಯಾರೂ ಏನನ್ನೂ ಬಿಡಿಸಿ ಹೇಳದಿದ್ದರೆ ಮಕ್ಕಳು ಹೀಗೇ ಲೆಕ್ಕ ಹಾಕುವುದು.

ಅವ್ವ ಹಾಡಿದ ಸಿನಿಮಾ ಎಂದರೆ ದೊಡ್ಡ ಪಿಚ್ಚರಲ್ಲ. ಆಗೆಲ್ಲ ಸರ್ಕಾರದ ಪ್ರಚಾರದ ವ್ಯಾನು ಊರೂರಿಗೆ ಬರುತ್ತಿತ್ತು. ಬಯಲಿನಲ್ಲಿ ಎರಡು ಗಳು ನೆಟ್ಟು ಬಿಳಿ ಬಟ್ಟೆ ಕಟ್ಟಿ, ಎರಡು ಮೂರು ನಿಮಿಷದ ಹಾಡಿನ ಚಿತ್ರಗಳನ್ನು ತೋರಿಸುತ್ತಿದ್ದರು. ಬಾವಿಗೆ ಔಷಧಿ ಹಾಕಿ ಎನ್ನುವುದಕ್ಕೊಂದು ಹಾಡು, ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿ ಎನ್ನುವುದಕ್ಕೊಂದು. ಅವ್ವನ ಮದುವೆಗೆ ಮುಂಚೆ ಅಂಥದ್ದೊಂದನ್ನು ತೆಗೆಯಲು ನ್ಯಾಮತಿಗೆ ಜನ ಬಂದಿದ್ದರಂತೆ. ಅವ್ವನ ತವರು ನ್ಯಾಮತಿ. ಹುಡುಗಿಯೊಬ್ಬಳು ಒಡೆದ ಮಡಕೆ, ಕಲ್ಲಿನ ಬಾನಿ ಎಲ್ಲ ಬೋರಲು ಹಾಕುತ್ತಾ, "ನಿಂತ ನೀರ ಚೆಲ್ಲೆ ಅಕ್ಕಾ, ಸೊಳ್ಳೆ ಮನೆಯ ಮುರಿಯೆ ಅಕ್ಕಾ" ಎಂದು ಹಾಡುತ್ತಾಳೆ. ಅಷ್ಟೇ ಕತೆ. ಜಗಳೂರಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಅಪ್ಪ ಅದನ್ನು ಸಂತೆ ಬಯಲಿನಲ್ಲಿ ನೋಡಿದರು. ಆ ಮೇಲೆ ವ್ಯಾನು ಹೋದ ಊರಿಗೆಲ್ಲ ಬಸ್ಸು ಹತ್ತಿ ಹೋಗಿ ನೋಡಿದರು. ಕಡೆಗೆ ಹಿರಿಯರನ್ನು ಕರೆದುಕೊಂಡು ನ್ಯಾಮತಿಗೆ ಹೆಣ್ಣು ಕೇಳಲು ಹೋದರು. ಲೋಕದಲ್ಲಿ ಎಷ್ಟೋ ಜನ ಪ್ರೀತಿ ಹಾಡಿಗೆ ಸೋತಿರಬಹುದು, ನಮ್ಮ ಅಪ್ಪ ಸೋತದ್ದು ಸೊಳ್ಳೆ ಹಾಡಿಗೆ.

ಇದಿಷ್ಟು ಹಳೆಯದು. ಈಗಿನದು ಹೇಳುತ್ತೇನೆ.

ನಾನು ಚನ್ನಗಿರಿಯ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಅಪ್ಪ ಅವ್ವ ಜಗಳೂರಿನಲ್ಲಿ ತಮ್ಮನ ಸಂಸಾರದ ಜೊತೆ ಇದ್ದಾರೆ. ಹೋದ ವರ್ಷ ಅಪ್ಪನ ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದೂ ಹೆಚ್ಚು ದಿನ ನಿಲ್ಲುವುದಿಲ್ಲ, ನೋಡಬೇಕಾದ್ದನ್ನೆಲ್ಲ ಈಗಲೇ ನೋಡಿಬಿಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಧರ್ಮಸ್ಥಳಕ್ಕೆ ಹೋಗೋಣವಾ, ಸಮುದ್ರ ನೋಡುತ್ತೀರಾ ಎಂದು ಕೇಳಿದೆ.

"ಅವೆಲ್ಲಾ ಅಲ್ಲೇ ಇರ್ತಾವೆ ಬಿಡು" ಎಂದರು ಅಪ್ಪ. "ನಿಮ್ಮವ್ವಂದು ಆ ಹಾಡು ಒಂದು ಸಲ ನೋಡಬೇಕಿತ್ತು. ಎಲ್ಲಿ ಐತೋ ಏನೋ."

ಅಕ್ಕಿ ಆರಿಸುತ್ತಿದ್ದ ಅವ್ವ ಮೊರವನ್ನು ಕೆಳಗಿಟ್ಟಳು. "ಅದ್ಯಾವಾಗೋ ಗುಜರಿಗೆ ಹೋಗೈತೆ. ಈ ವಯಸ್ಸಿನಾಗೆ ಸೊಳ್ಳೆ ಹಾಡು ಕಟ್ಕೊಂಡು ಏನು ಮಾಡ್ತೀರಿ?" ಎಂದು ಎದ್ದು ಹಿತ್ತಲಿಗೆ ಹೋದಳು. ಆರಿಸಿದ ಅಕ್ಕಿಯನ್ನೂ ಆರಿಸದ ಅಕ್ಕಿಯನ್ನೂ ಒಂದೇ ಡಬ್ಬಕ್ಕೆ ಸುರಿದಿದ್ದಳು ಎಂದು ಆಮೇಲೆ ತಮ್ಮನ ಹೆಂಡತಿ ಗೊಣಗಿದಳು. ಅವ್ವ ಅಂಥ ತಪ್ಪು ಮಾಡುವವಳಲ್ಲ. ನನಗೆ ಯಾಕೋ ಕಸಿವಿಸಿಯಾಯಿತು, ಆದರೆ ಕಾರಣ ಹೊಳೆಯಲಿಲ್ಲ.

ಚನ್ನಗಿರಿಗೆ ವಾಪಸ್ಸು ಬಂದು ಒಂದು ತಿಂಗಳಿಗೆ, ಗಂಟುಕಟ್ಟಿದ ಗಾದಿಯ ಹತ್ತಿ ಹಿಂಜಿಸಲು ಪೇಟೆಯ ಗಾದಿ ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರನ್ನು ಇಪ್ಪತ್ತು ವರ್ಷದಿಂದ ಬಲ್ಲೆ. ಮೈಮೇಲೆಲ್ಲ ಹತ್ತಿ, ಹುಬ್ಬಿನ ಮೇಲೂ ಹತ್ತಿ. ಅವತ್ತು ಅವರು ಕೆಲಸ ಬಿಟ್ಟು ಒಂದು ಚಪ್ಪಟೆ ತಗಡಿನ ಡಬ್ಬದ ಮುಚ್ಚಳ ತೆಗೆದು ಮೂಗಿಗೆ ಹಿಡಿದು ಮೂಸುತ್ತಿದ್ದರು.

"ಏನ್ರೀ ಅದು, ಹಪ್ಪಳನಾ?" ಎಂದೆ.

"ಸಿನಿಮಾ ರೀಲು, ಟೀಚರ್. ಇಡ್ಲಿ ಹಿಟ್ಟಿದ್ದಂಗೆ. ಹುಳಿ ವಾಸನೆ ಬಂತು ಅಂದ್ರೆ ಕೆಡಾಕೆ ಹತ್ತೈತೆ ಅಂತ. ಅಂಥದನ್ನ ಬೇರೆ ರೀಲಿನ ಪಕ್ಕ ಇಡಂಗಿಲ್ಲ. ಒಂದರಿಂದ ಇನ್ನೊಂದಕ್ಕೆ ಹತ್ತುತ್ತೆ."

ಹತ್ತಿಯ ದೂಳು ರೀಲಿಗೆ ಆಗದು ಎಂದು ಅವರು ಡಬ್ಬಗಳನ್ನೆಲ್ಲ ಮನೆಯಲ್ಲೇ ಇಟ್ಟಿದ್ದರು. ತೋರಿಸಲು ಕರೆದುಕೊಂಡು ಹೋದರು. ಗೋಡೆಗೆ ಒರಗಿಸಿ ಜೋಡಿಸಿದ ನೂರಾರು ಡಬ್ಬ. ಹರೆಯದಲ್ಲಿ ಅವರು ಟೆಂಟ್ ಸಿನಿಮಾದಲ್ಲಿ ಆಪರೇಟರನ ಕೈಕೆಳಗೆ ಕೆಲಸ ಮಾಡಿದವರು. ಪೂರ್ತಿ ಪಿಚ್ಚರ್ ಅವರ ಹತ್ತಿರ ಒಂದೂ ಇಲ್ಲ, ಬರೀ ಹಾಡು. ಹಳೆಯ ಪ್ರಚಾರದ ಹಾಡುಗಳು, ಎಲ್ಲೋ ಯಾರೋ ತೆಗೆದ ಲಾವಣಿಯ ತುಣುಕು, ಹೆಸರಿಲ್ಲದ ಹುಡುಗಿಯರ ಕೋಲಾಟ. ಯಾವುದೂ ಐದು ನಿಮಿಷಕ್ಕಿಂತ ಉದ್ದವಿಲ್ಲ.

"ಇದರಾಗೆ ಏನು ಸುಖ ಸಾಹೇಬ್ರೆ?" ಎಂದು ಕೇಳಿದೆ. ನನಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ದೊಡ್ಡ ಪಿಚ್ಚರಿನ ಕತೆ ಮರೆತು ಹೋಗ್ತೈತೆ ಟೀಚರ್. ಇದರಾಗೆ ಹೀರೋ ಇಲ್ಲ, ವಿಲನ್ ಇಲ್ಲ. ಒಬ್ಬ ಹೆಣ್ಮಗಳು ಬರ್ತಾಳೆ, ಹಾಡ್ತಾಳೆ, ಹೋಗ್ತಾಳೆ. ಯಾರು, ಏನು, ಗೊತ್ತಿಲ್ಲ. ಆಮೇಲೆ ಆಕೆಗೆ ಏನಾತು ಅಂತ ನಾವೇ ಯೋಚನೆ ಮಾಡ್ಕೊಂಡು ಇರ್ಬೇಕು."

ಇಂಥ ಹುಚ್ಚಿನವರು ಅವರೊಬ್ಬರೇ ಅಲ್ಲ. ಸಂತೇಬೆನ್ನೂರಿನಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟರೊಬ್ಬರಿದ್ದಾರೆ, ಬಸವಾಪಟ್ಟಣದಲ್ಲಿ ಟೈರ್ ಅಂಗಡಿಯವರೊಬ್ಬರು. ಭಾನುವಾರ ಒಬ್ಬರ ಮನೆಯಲ್ಲಿ ಸೇರುತ್ತಾರೆ. ಅವರಲ್ಲಿ ಕೆಲವು ಕಟ್ಟಳೆಗಳಿವೆ. ರೀಲನ್ನು ದುಡ್ಡಿಗೆ ಮಾರುವ ಹಾಗಿಲ್ಲ, ಹಾಡಿಗೆ ಹಾಡು ಕೊಟ್ಟು ಬದಲಾಯಿಸಿಕೊಳ್ಳಬೇಕು. ಒಬ್ಬರು ಹಾಡು ತೋರಿಸಿದ ಮೇಲೆ ನೋಡಿದವರಲ್ಲಿ ಒಬ್ಬರಾದರೂ "ಒನ್ಸ್ ಮೋರ್" ಎನ್ನಲೇಬೇಕು. ಅನ್ನದಿದ್ದರೆ ಉಂಡ ಮನೆಯಲ್ಲಿ ಅಡುಗೆ ಹೇಗಿತ್ತು ಎಂದು ಹೇಳದೆ ಎದ್ದು ಹೋದಷ್ಟು ಅವಮಾನ. ಡಬ್ಬದ ಮುಚ್ಚಳದ ಮೇಲೆ ಹಾಡಿನವರ ಬಗ್ಗೆ ತಿಳಿದಷ್ಟನ್ನು ಬರೆಯಬೇಕು. ಸಾಹೇಬರ ಮುಚ್ಚಳಗಳಲ್ಲಿ ಮುಕ್ಕಾಲು ಖಾಲಿ ಇದ್ದವು.

ಆಗ ನಾನು ಸೊಳ್ಳೆ ಹಾಡಿನ ವಿಷಯ ಹೇಳಿದೆ. ಸಾಹೇಬರು ಕೈಯಲ್ಲಿದ್ದ ಡಬ್ಬವನ್ನು ಮೆಲ್ಲಗೆ ನೆಲಕ್ಕಿಟ್ಟರು.

"ಮಡಕೆ ಬೋರಲು ಹಾಕ್ತಾ ಹೋಗ್ತಾಳಲ್ಲ, ಆ ಹುಡುಗಿ ನಿಮ್ಮ ತಾಯೇನ್ರಿ? ಬದುಕಿದಾರಾ?"

ಆ ರೀಲು ಡ್ರಾಯಿಂಗ್ ಮೇಷ್ಟರ ಹತ್ತಿರ ಇತ್ತು. ಇಲಾಖೆಯೊಂದರ ಹಳೆಯ ಸಾಮಾನಿನ ಜೊತೆ ಗುಜರಿಗೆ ಬಂದದ್ದನ್ನು ಅವರು ತಂದಿಟ್ಟುಕೊಂಡಿದ್ದರಂತೆ. ಸಾಹೇಬರು ಎರಡು ವಾರ ಅವರ ಬೆನ್ನು ಬಿದ್ದು, ತಮಗೆ ಪ್ರಾಣವಾಗಿದ್ದ ಲಾವಣಿಯ ತುಣುಕನ್ನು ಕೊಟ್ಟು ಸೊಳ್ಳೆ ಹಾಡು ತಂದರು. ನನಗೆ ಫೋನು ಮಾಡಿ ಷರತ್ತು ಹೇಳಿದರು. "ನನಗೆ ಬೇರೆ ಏನೂ ಬೇಡ ಟೀಚರ್. ಆ ತಾಯಿ ಬಂದು ನಮ್ಮ ಜೊತೆ ಕೂತು ನೋಡಬೇಕು. ನನ್ನ ಆಯಸ್ಸಿನಾಗೆ ರೀಲಿನಾಗಿರೋರು ಒಬ್ಬರೂ ನಮ್ಮ ಮನೆಗೆ ಬಂದಿಲ್ಲ."

ಅಪ್ಪನಿಗೆ ಫೋನು ಮಾಡಿ ಹೇಳಿದೆ. ಯಾವ ಅಂಗಿ ಹಾಕಿಕೊಳ್ಳಲಿ ಎಂದು ಕೇಳಿದರು. ಅವ್ವ ಮಾತ್ರ ಫೋನು ಕಿತ್ತುಕೊಂಡು, "ನಿಂಗೆ ಸಾಲಿಯಾಗೆ ಮಕ್ಕಳಿಗೆ ಕಲಿಸಾಕೆ ಕೆಲಸ ಇಲ್ಲೇನು? ಸತ್ತಿದ್ದನ್ನ ಯಾಕೆ ಎಬ್ಬಿಸ್ತೀಯ? ನಾನು ಬರಲ್ಲ, ಅವರೂ ಬರಲ್ಲ" ಎಂದಳು. ಎತ್ತು ಏರಿಗೆ, ಕೋಣ ನೀರಿಗೆ. ಕುರುಡಾಗುತ್ತಿರುವ ಗಂಡ ಹೆಂಡತಿಯದೇ ಎಳೆಯ ಮುಖ ನೋಡಬೇಕು ಎನ್ನುತ್ತಾನೆ, ಹೆಂಡತಿ ಬೇಡ ಎನ್ನುತ್ತಾಳೆ. ನಾಚಿಕೆಯಾ? ಎಪ್ಪತ್ತು ದಾಟಿದ ಮೇಲೆ ಎಂಥ ನಾಚಿಕೆ? ಅಪ್ಪನ ಮೇಲೆ ಏನಾದರೂ ಹಳೆಯ ಸಿಟ್ಟಾ? ಹಾಗಿದ್ದರೆ ಅವರ ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಔಷಧಿ ಬಿಡುವವಳು ಯಾರು? ಯೋಚನೆ ಮಾಡಿದಷ್ಟೂ ಸಿಕ್ಕು ಜಾಸ್ತಿಯಾಯಿತು.

ಭಾನುವಾರ ಬಸ್ಸು ಹತ್ತಿ ಹೊನ್ನಾಳಿಗೆ ಹೋದೆ.

ಚಿಕ್ಕವ್ವ ರೊಟ್ಟಿ ತಟ್ಟುತ್ತಾ ಗುನುಗುತ್ತಿದ್ದಳು. ರೀಲು ಸಿಕ್ಕಿತು ಎಂದೆ. ತಟ್ಟುವ ಕೈ ನಿಂತಿತು, ಗುನುಗೂ ನಿಂತಿತು. "ನಿಮ್ಮಪ್ಪ ನೋಡಿದ್ರಾ?" ಎಂದು ಕೇಳಿದಳು. ಇನ್ನೂ ಇಲ್ಲ ಎಂದಾಗ ಉಸಿರು ಬಿಟ್ಟು, ಒಲೆಯ ಉರಿ ಸಣ್ಣ ಮಾಡಿ, ಹಿಟ್ಟಿನ ಕೈಯಲ್ಲೇ ನನ್ನ ಮುಂದೆ ಬಂದು ಕೂತಳು.

"ಹಾಡಿದ್ದು ನಾನು ಕಣವ್ವ" ಎಂದಳು.

ನನಗೆ ತಕ್ಷಣ ತಲೆಗೆ ಹೋಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಸಿನಿಮಾದವರು ನ್ಯಾಮತಿಗೆ ಬಂದಾಗ ಇಡೀ ಓಣಿಯಲ್ಲಿ ಒಳ್ಳೆಯ ದನಿ ಇದ್ದದ್ದು ಚಿಕ್ಕವ್ವನಿಗೆ. ಆದರೆ ಆಗಷ್ಟೇ ದಡಾರ ಎದ್ದು ಅವಳ ಮುಖ ತುಂಬ ಕಲೆ. ಅವ್ವ ಲಕ್ಷಣವಾಗಿದ್ದಳು, ಹಾಡಿದರೆ ಮಾತ್ರ ಶ್ರುತಿ ಒಂದು ಕಡೆ, ಇವಳೊಂದು ಕಡೆ. ಸಿನಿಮಾದವರು ಮೊದಲು ಚಿಕ್ಕವ್ವನ ಹಾಡನ್ನು ಟೇಪಿನಲ್ಲಿ ಹಿಡಿದುಕೊಂಡರು. ಆಮೇಲೆ ಅದನ್ನು ಹಾಕಿ, ಅವ್ವ ಬಾಯಿ ಆಡಿಸುತ್ತಾ ಮಡಕೆ ಬೋರಲು ಹಾಕುವುದನ್ನು ತೆಗೆದರು. ಅಲ್ಲಿಯವರೆಗೆ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

"ಆಮೇಲೆ ನಿಮ್ಮಪ್ಪನ ಕಡೆಯೋರು ಬಂದ್ರು, ಸಿನಿಮಾದಾಗೆ ಹಾಡಿದ ಹುಡುಗೀನ ಕೇಳಾಕೆ. ನಮ್ಮಪ್ಪ ಯಾರನ್ನ ತೋರಿಸ್ಬೇಕು ಹೇಳು? ಹಿರೇಳು ಮನೆಯಾಗಿರೋವಾಗ ಕಿರೇಳನ್ನ ಕೊಡ್ತಾರಾ? ಅವ್ರು ಮುಖ ನೋಡಿ ಇವಳೇ ಅಂದ್ರು. ಇವ್ರು ಹೌದು ಅಂದ್ರು. ಸುಳ್ಳು ಯಾರು ಹೇಳಿದ್ರು? ಯಾರೂ ಹೇಳಲಿಲ್ಲ. ಮದುವೆ ಹಿಂದಿನ ದಿನ ಅಕ್ಕ ನನ್ನ ಕೈ ಹಿಡ್ಕೊಂಡು, ಅವರ ಮುಂದೆ ಮಾತ್ರ ಹಾಡಬೇಡ ಕಣೆ, ದನಿ ಗುರುತು ಹಿಡಿದುಬಿಟ್ರೆ ನನ್ನ ಬಾಳು ಏನಾಗ್ತೈತೋ ಅಂದ್ಳು. ಅದಕ್ಕೆ ನಿಮ್ಮನೆಗೆ ಬಂದ್ರೆ ನಾನು ಮೂಗಿ."

ಹಾಗಾದರೆ ಬಾಣಂತನದಲ್ಲಿ ದನಿ ಹೋದದ್ದು? ಹೋಗಲು ದನಿ ಇದ್ದರಲ್ಲವೇ. ನನಗೆ ಮೊದಲು ಬಂದದ್ದು ಕೋಪ. ಐವತ್ತು ವರ್ಷ ಆಗದ ತಪ್ಪನ್ನು ತಲೆಯ ಮೇಲೆ ಹೊತ್ತು ತಿರುಗಿದವಳು ನಾನು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಆ ಕೋಪವೂ ನಿಲ್ಲಲಿಲ್ಲ. ಹದಿನೆಂಟು ವರ್ಷದ ಹುಡುಗಿಯೊಬ್ಬಳು, ಗಂಡ ಇವತ್ತು ಹಾಡು ಅನ್ನುತ್ತಾನಾ, ನಾಳೆ ಅನ್ನುತ್ತಾನಾ ಎಂದು ಕಾಯುತ್ತಾ ಮುದುಕಿಯಾದಳಲ್ಲ ಎನ್ನಿಸಿತು. ಅಪ್ಪನಿಗೆ ತೋರಿಸಿದರೆ ಅವ್ವನ ಗುಟ್ಟು ರಟ್ಟು. ತೋರಿಸದಿದ್ದರೆ ಅಪ್ಪನ ಕಣ್ಣು ಕಾಯುವುದಿಲ್ಲ. ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆ ಎಂದು ಮಕ್ಕಳಿಗೆ ಎಷ್ಟು ಸಲ ಪಾಠ ಮಾಡಿದ್ದೇನೋ, ಅರ್ಥವಾದದ್ದು ಅವತ್ತೇ.

ಮಾರನೆಯ ದಿನ ಸಾಹೇಬರ ಹತ್ತಿರ ಹೋಗಿ, ಕಾರಣ ಹೇಳದೆ, ದನಿ ಬರದ ಹಾಗೆ ತೋರಿಸಲು ಆಗುತ್ತದಾ ಎಂದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹಾಡಿನ ರೀಲನ್ನ ಮೂಕ ಮಾಡಾದಾ? ಉಪ್ಪಿಲ್ಲದ ಸಾರು ಬಡಿಸಿದಂಗೆ ಆಗ್ತೈತೆ, ಟೀಚರ್."

"ಮಾಡ್ರಿ ಸಾಹೇಬ್ರೆ. ಅವ್ವ ಬರಬೇಕು ಅಂದ್ರೆ ಇದೊಂದೇ ದಾರಿ."

ಅವರು ಬಹಳ ಹೊತ್ತು ಗಡ್ಡ ಕೆರೆದುಕೊಂಡು ಒಪ್ಪಿದರು. ಪ್ರೊಜೆಕ್ಟರಿನ ಸ್ಪೀಕರು ಕೆಟ್ಟಿದೆ ಎಂದು ಹೇಳುವುದು ಎಂದಾಯಿತು. ಹೇಳುವಾಗ ನನ್ನ ಮುಖ ನೋಡಬೇಡಿ, ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದರು. ಅವ್ವನಿಗೆ ಫೋನು ಮಾಡಿ, ಚಿಕ್ಕವ್ವ ಎಲ್ಲ ಹೇಳಿದಳು, ದನಿ ಇರುವುದಿಲ್ಲ, ಬರೀ ಚಿತ್ರ ಎಂದೆ.

"ಆಗ್ಲಿ. ಅವರ ಕಣ್ಣು ಹೋಗೋದ್ರೊಳಗೆ ನೋಡ್ಲಿ" ಎಂದಳು ಅವ್ವ.

ಮುಂದಿನ ಭಾನುವಾರ ಬಾಡಿಗೆ ಕಾರಿನಲ್ಲಿ ಇಬ್ಬರನ್ನೂ ನಾನೇ ಹೋಗಿ ಕರೆತಂದೆ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಅವ್ವ ದಾರಿಯುದ್ದಕ್ಕೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಸಾಹೇಬರು ಪರಿಚಯದ ಅಡಿಕೆ ವ್ಯಾಪಾರಿಯೊಬ್ಬರ ಖಾಲಿ ಗೋದಾಮನ್ನು ಕೇಳಿ ಪಡೆದಿದ್ದರು. ಷಟರ್ ಎಳೆದರೆ ನಡುಮಧ್ಯಾಹ್ನವೂ ಕತ್ತಲು. ಗೋಡೆಗೆ ಬಿಳಿ ಬೆಡ್‌ಶೀಟು, ನೆಲಕ್ಕೆ ಹೊಸ ಗಾದಿಗಳು. ಡ್ರಾಯಿಂಗ್ ಮೇಷ್ಟರೂ ಬಂದಿದ್ದರು. ಅವ್ವ ಒಳಗೆ ಬಂದಾಗ ಇಬ್ಬರೂ ಎದ್ದು ನಿಂತರು. ಆ ಇಬ್ಬರು ಮುದುಕರು ಅವ್ವನ ಮುಖವನ್ನೇ ನೋಡುತ್ತಾ, ಏನು ಮಾತಾಡಬೇಕೋ ತಿಳಿಯದೆ, ಕೊನೆಗೆ "ಟೀ ಕುಡೀರಿ ಅಮ್ಮಾ" ಎಂದರು.

ಅಪ್ಪನನ್ನು ಬೆಡ್‌ಶೀಟಿಗೆ ಮೂರಡಿ ದೂರದಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಅದಕ್ಕಿಂತ ದೂರವಾದರೆ ಅವರಿಗೆ ಕಾಣದು. ಅವ್ವ ಹಿಂದೆ, ಷಟರ್ ಪಕ್ಕ, ಈಗಲೇ ಎದ್ದು ಹೋಗುವವಳ ಹಾಗೆ ಕೂತಳು. ಸಾಹೇಬರು ಗೋಡೆಯ ಕಡೆ ತಿರುಗಿ ಸ್ಪೀಕರು ಕೆಟ್ಟಿದೆ ಎಂದರು.

ಚಿತ್ರ ಬಂತು. ಬಿಸಿಲು, ಒಂದು ಮಣ್ಣಿನ ಗೋಡೆ, ಎರಡು ಜಡೆ ಹಾಕಿದ ಹುಡುಗಿ. ನನ್ನ ಅವ್ವ ಎಂದು ನಂಬಲು ನನಗೆ ಅರ್ಧ ನಿಮಿಷ ಬೇಕಾಯಿತು. ನಡಿಗೆ ಮಾತ್ರ ಅದೇ, ಕೆಲಸಕ್ಕೆ ಹೊರಟಾಗ ಎಡಗಡೆ ಸ್ವಲ್ಪ ವಾಲುವ ನಡಿಗೆ. ಅವಳು ಮಡಕೆ ಬೋರಲು ಹಾಕಿ ಬಾಯಿ ತೆರೆದಳು. ಪ್ರೊಜೆಕ್ಟರಿನ ಟಕಟಕ ಬಿಟ್ಟರೆ ಬೇರೆ ಸದ್ದಿಲ್ಲ.

ಆಗ ಅಪ್ಪ ಹಾಡಿದರು. ಹಾಡಿದರು ಎನ್ನುವುದಕ್ಕಿಂತ ಬಸ್ಸಿನಲ್ಲಿ ಸ್ಟಾಪು ಕೂಗಿ ಒರಟಾದ ಗಂಟಲಿನಲ್ಲಿ ಹೇಳಿಕೊಂಡರು. "ನಿಂತ ನೀರ ಚೆಲ್ಲೆ ಅಕ್ಕಾ..." ಚಿತ್ರದ ಹುಡುಗಿಯ ತುಟಿಗೆ ಸರಿಯಾಗಿ. ಒಂದು ಸಾಲು, ಎರಡು ಸಾಲು. ಮೂರನೆಯ ಸಾಲಿನ ಕೊನೆಯಲ್ಲಿ "ಅಕ್ಕಾ" ಎನ್ನುವುದನ್ನು ಅವರು ಉದ್ದಕ್ಕೆ ಎಳೆದರು. ಅಷ್ಟರಲ್ಲಿ ಚಿತ್ರದ ಹುಡುಗಿ ಬಾಯಿ ಮುಚ್ಚಿ ಬಾನಿಯ ಕಡೆ ನಡೆದುಬಿಟ್ಟಿದ್ದಳು.

"ನೋಡು, ಇಲ್ಲಿ" ಎಂದು ಅಪ್ಪ ಬೆಡ್‌ಶೀಟಿನ ಕಡೆ ಬೆರಳು ತೋರಿಸಿದರು. "ಇಲ್ಲಿ ಇವಳು ಬಾಯಿ ಮುಚ್ಚಿದಾಳೆ. ಹಾಡು ಇನ್ನೂ ಐತೆ. ತಂಗಿ ದನಿ ಉದ್ದ ಎಳೀತೈತೆ."

ಹಿಂದೆ ಕೂತ ಅವ್ವನನ್ನು ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ. ಪಾಪ, ಡ್ರಾಯಿಂಗ್ ಮೇಷ್ಟರು ತಾವು ಕೊಟ್ಟ ರೀಲಿನ ಮರ್ಯಾದೆಗೆ ಕುಂದು ಬಂತೇನೋ ಎಂದು ಎದ್ದು ಬಂದರು. "ಹಂಗೆ ಕಾಣ್ತೈತೆ ಅಷ್ಟೇ ಯಜಮಾನ್ರೆ. ರೀಲಿನಾಗೆ ದನಿ ಒಂದು ಗೇಣು ಮುಂದೆ ಇರ್ತೈತೆ, ಚಿತ್ರ ಹಿಂದೆ. ಹರಿದ ರೀಲನ್ನ ಗೊತ್ತಿಲ್ಲದೋರು ಜೋಡಿಸಿದ್ರೆ ಒಂದರ ದನಿ ಇನ್ನೊಂದರ ಮೇಲೆ ಹೋಗ್ತೈತೆ."

"ನಾನೂ ಆವಾಗ ಹಂಗೇ ಅಂದ್ಕೊಂಡಿದ್ದೆ" ಎಂದರು ಅಪ್ಪ. "ವ್ಯಾನಿನ ಆಪರೇಟರನ್ನ ಕೇಳ್ದೆ, ಹಾಡು ತೆಗೆಯೋವಾಗ ಅವನೂ ಅಲ್ಲಿದ್ದೋನು. ಇದು ಜೋಡಿಸಿದ ರೀಲಲ್ಲ, ಒಂದೇ ತುಂಡು, ದನಿ ಬೇರೆಯೋರದು, ಈ ಹುಡುಗಿ ತಂಗೀದು ಅಂದ. ನಾನು ನ್ಯಾಮತಿಗೆ ಹೋಗೋಕಿಂತ ಮುಂಚಿನ ಮಾತು ಅದು."

ರೀಲು ಮುಗಿಯಿತು. ಬಾಲ ಚಕ್ರಕ್ಕೆ ಚಟ್ ಚಟ್ ಎಂದು ಬಡಿಯುತ್ತಿತ್ತು, ಸಾಹೇಬರು ನಿಲ್ಲಿಸುವುದನ್ನೇ ಮರೆತು ನಿಂತಿದ್ದರು. ನನಗೆ ಯಾವುದು ಗುಟ್ಟು, ಯಾರಿಂದ ಯಾರು ಮುಚ್ಚಿಟ್ಟದ್ದು ಒಂದೂ ತಿಳಿಯದ ಹಾಗಾಗಿತ್ತು. ಗೊತ್ತಿದ್ದೂ ಹೋಗಿ ಕೇಳಿದ್ದೇಕೆ ಎಂದು ನಾನು ಕೇಳುವ ಮೊದಲೇ ಅಪ್ಪ ಹೇಳಿದರು. "ಮೊದಲನೇ ಸಲ ದನಿ ಕೇಳಿ ನಿಂತೆ. ಐದನೇ ಸಲ ಇವಳು ಬಾನಿ ಕಡೆ ನಡ್ಕೊಂಡು ಹೋಗೋದು ನೋಡಾಕೆ ಹೋದೆ."

ಅವ್ವ ಷಟರ್ ಪಕ್ಕದಿಂದ ಎದ್ದು ಬಂದಳು. ಪ್ರೊಜೆಕ್ಟರಿನ ಬೆಳಕಿನಲ್ಲಿ ಅವಳ ನೆರಳು ಬೆಡ್‌ಶೀಟಿನ ಮೇಲೆ ದೊಡ್ಡದಾಗಿ ಬಿತ್ತು. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

"ಗೊತ್ತಿತ್ತಾ ನಿಮಗೆ?"

"ಹ್ಞೂಂ."

"ಮತ್ಯಾಕೆ ಒಂದಿನಾನೂ ಹೇಳಲಿಲ್ಲ?"

"ನೀನೇ ದನಿ ಹೋತು ಅಂದೆ. ನಿನಗೆ ಹೇಳಾಕೆ ಮನಸ್ಸಿಲ್ಲ ಅಂತ ತಿಳ್ಕೊಂಡೆ. ಕೇಳಿ ನಿನ್ನ ಮುಖ ಯಾಕೆ ಸಣ್ಣ ಮಾಡ್ಲಿ? ಅದಕ್ಕೇ ಹಾಡು ಅಂತ ಒಂದು ಸಲನೂ ಅನ್ನಲಿಲ್ಲ."

ಇದನ್ನು ಅಪ್ಪ ತಮ್ಮ ದೊಡ್ಡತನ ಎಂಬ ಹಾಗೆ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ನನಗೂ ಒಂದು ಕ್ಷಣ ಹಾಗೆಯೇ ಅನ್ನಿಸಿತ್ತು. ಅವ್ವ ಅವರನ್ನೇ ನೋಡುತ್ತಾ ನಿಂತಳು.

"ನೀವು ಕೇಳಬೇಕಿತ್ತು" ಎಂದಳು. "ಒಂದು ದಿನ ನಾಚಿಕೆ ಆಗ್ತಿತ್ತು. ಒಂದು ದಿನ ಅತ್ತು ಮುಗಿಸ್ತಿದ್ದೆ. ಆಮೇಲೆ ಹೆಂಗೆ ಬಂತೋ ಹಂಗೆ ಹಾಡ್ಕೊಂಡು ಇರ್ತಿದ್ದೆ. ನೀವು ಹೊರಗೆ ಜಗಲಿ ಮೇಲೆ ಕೂತಿರ್ತಿದ್ರಿ, ಕೇಳಿಸಿಬಿಡ್ತೈತೆ ಅಂತ ನಾನು ಮಕ್ಕಳಿಗೂ ಹಾಡಲಿಲ್ಲ. ಹೆತ್ತ ಮಕ್ಕಳಿಗೆ ಮಗ್ಗಿ ಹೇಳಿದೆ."

ಅಪ್ಪನ ಮುಖದಲ್ಲಿದ್ದ ಹೆಮ್ಮೆ ಇಳಿದುಹೋಯಿತು. ಯಾರ ಕಡೆ ನಿಲ್ಲಬೇಕು ಎಂದು ನನಗೆ ಅವತ್ತೂ ತಿಳಿಯಲಿಲ್ಲ, ಇವತ್ತೂ ತಿಳಿದಿಲ್ಲ.

ಅವ್ವ ಸಾಹೇಬರ ಕಡೆ ತಿರುಗಿದಳು. ಅಲ್ಲಿಯ ಕಟ್ಟಳೆ ಅವಳಿಗೆ ಗೊತ್ತಿರಲಿಲ್ಲ. ಸಂತೆ ಬಯಲಿನಲ್ಲಿ ಜನ ಕೂಗುತ್ತಿದ್ದದ್ದು ನೆನಪಿತ್ತೋ ಏನೋ.

"ಒನ್ಸ್ ಮೋರ್" ಎಂದಳು. "ಕೆಟ್ಟಿದ್ರೆ ರಿಪೇರಿ ಮಾಡ್ರಿ. ಈ ಸಲ ನನ್ನ ತಂಗಿ ದನಿ ಹಾಕ್ರಿ."

ಸಾಹೇಬರ ಸ್ಪೀಕರು ಕ್ಷಣದಲ್ಲಿ ರಿಪೇರಿಯಾಯಿತು. ರೀಲು ಹಿಂದಕ್ಕೆ ಸುತ್ತಿ ಮತ್ತೆ ಬಿಟ್ಟರು. ಹದಿನೈದು ವರ್ಷದ ಚಿಕ್ಕವ್ವನ ದನಿ ಆ ಅಡಿಕೆ ಗೋದಾಮನ್ನು ತುಂಬಿತು. ಅವ್ವ ಈ ಸಲ ಮುಂದೆ, ಅಪ್ಪನ ಕುರ್ಚಿಯ ಪಕ್ಕದ ಗಾದಿಯ ಮೇಲೆ ಕೂತು ಪೂರ್ತಿ ನೋಡಿದಳು. ಮುಗಿದ ಮೇಲೆ ಸಾಹೇಬರು ಮುಚ್ಚಳವನ್ನೂ ಪೆನ್ನನ್ನೂ ಹಿಡಿದುಕೊಂಡು ಬಂದು, ಏನಂತ ಬರೆಯಲಿ ಎಂದು ಕೇಳಿದರು.

"ಹಾಡಿದ್ದು ತಂಗಿ ಅಂತ ಬರೀರಿ. ಮಡಕೆ ಬೋರಲು ಹಾಕಿದ್ದು ನಾನು."

ಸಾಹೇಬರು ಅದನ್ನು ಹಾಗೆಯೇ ಬರೆದುಕೊಂಡರು.

ಸಂಜೆ ಅದೇ ಕಾರಿನಲ್ಲಿ ಜಗಳೂರಿಗೆ ಹೊರಟೆವು. ಅಪ್ಪ ಮುಂದಿನ ಸೀಟಿನಲ್ಲಿ, ನಾನೂ ಅವ್ವನೂ ಹಿಂದೆ. ಊರು ದಾಟಿದ ಮೇಲೆ ನಾನು ಮೆಲ್ಲಗೆ, "ಈಗಲಾದರೂ ಹಾಡವ್ವ, ಹೆಂಗೆ ಬರುತ್ತೋ ಹಂಗೆ" ಎಂದೆ.

"ಈಗ ಹಾಡಿ ಯಾರನ್ನ ಮಲಗಿಸ್ಲಿ?" ಎಂದಳು.

"ನನ್ನ ಮಲಗಿಸು" ಎಂದರು ಅಪ್ಪ, ಹಿಂದೆ ತಿರುಗದೆ.

ಅವ್ವ ನಗಲಿಲ್ಲ. "ನಿಮಗೆ ಮಗ್ಗಿನೇ ಸಾಕು" ಎಂದು ಕಿಟಕಿಯ ಕಡೆ ಮುಖ ಮಾಡಿದಳು. ಸಂತೇಬೆನ್ನೂರು ಬಂದಾಗ ಮುಂದಿನ ಸೀಟಿನಿಂದ ಅಪ್ಪನ ಒರಟು ದನಿ ಮೆಲ್ಲಗೆ ಕೇಳಿತು, "ಎರಡೊಂದ್ಲಿ ಎರಡು, ಎರಡೆರಡ್ಲಿ ನಾಕು." ಜಗಲಿಯ ಮೇಲೆ ಕೂತು ಅವರು ಅಷ್ಟು ವರ್ಷ ಕೇಳಿಸಿಕೊಂಡಿದ್ದದ್ದು ಅದನ್ನೇ. ಅವರು ಎಂಟರ ಮಗ್ಗಿಗೆ ಬಂದು ತಪ್ಪಿದಾಗ ಅವ್ವ ಕಿಟಕಿಯ ಕಡೆಯಿಂದಲೇ ತಿದ್ದಿದಳು.